ಗೇಮ್ ಕನ್ಸೋಲ್ ಕಾದು ಆಫ್ ಆಗುತ್ತಿದೆಯೇ? ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮುನ್ನ ಇದನ್ನು ಓದಿ

ಗೇಮ್ ಕನ್ಸೋಲ್ ಬಿಸಿಯಾಗುವುದು ದೋಷವೇನಲ್ಲ. ಭಾರಿ ಗ್ರಾಫಿಕ್ಸ್ ಇರುವ ಆಟ ನಡೆಯುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಒಳಗೆ ಹೋದ ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ಹಿಂಬದಿಯ ಕಿಂಡಿಯಿಂದ ಬಿಸಿಗಾಳಿ ರಭಸವಾಗಿ ಬರುತ್ತಿದ್ದರೆ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ ಎಂದು ತಿಳಿಯಿರಿ. ತೊಂದರೆ ಶುರುವಾಗುವುದು ಆ ಶಾಖ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿದಾಗ. ಆಗ ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಆಟ ತಡವರಿಸುತ್ತದೆ, ಕೊನೆಗೆ ಒಳಗಿನ ಮುಖ್ಯ ಚಿಪ್ಪನ್ನು (ಪ್ರೊಸೆಸರ್) ಕಾಪಾಡಿಕೊಳ್ಳಲು ಕನ್ಸೋಲ್ ತಾನಾಗಿಯೇ ಆಫ್ ಆಗುತ್ತದೆ.

ಇಂಥ ಹೊತ್ತಿನಲ್ಲಿ ಕೆಲವರು ಕೆಟ್ಟುಹೋಯಿತೆಂದು ಅದನ್ನು ಮೂಲೆಗಿಡುತ್ತಾರೆ, ಇನ್ನು ಕೆಲವರು ಅರೆಬರೆ ವಿಡಿಯೊ ನೋಡಿ ಬಿಚ್ಚಲು ಕೂರುತ್ತಾರೆ. ಎರಡೂ ಅವಸರದ ಕೆಲಸ. ಎಷ್ಟೋ ಸಲ ಒಂದು ಸ್ಕ್ರೂವನ್ನೂ ಮುಟ್ಟದೆ ಇದು ಸರಿಹೋಗುತ್ತದೆ. ಸರಿಹೋಗದಿದ್ದರೂ, ಬಿಚ್ಚುವ ಮೊದಲು ಏನನ್ನು ಹುಡುಕುತ್ತಿದ್ದೇವೆ ಎಂಬುದು ಗೊತ್ತಿದ್ದರೆ ಕೆಲಸ ಅರ್ಧ ಮುಗಿದ ಹಾಗೆ.

ಮೊದಲು ಆರಲು ಬಿಡಿ

ಕನ್ಸೋಲ್ ಬಿಸಿಯಾಗಿ ನಿಂತ ತಕ್ಷಣ ಮತ್ತೆ ಆನ್ ಮಾಡಬೇಡಿ. ಪ್ಲಗ್ ತೆಗೆದು, ತೆರೆದ ಜಾಗದಲ್ಲಿಟ್ಟು, ಒಂದು ಗಂಟೆ ಹಾಗೆಯೇ ಬಿಡಿ. ಬೇಗ ತಣ್ಣಗಾಗಲೆಂದು ಫ್ರಿಜ್‌ನಲ್ಲಿಡುವುದು, ಮೇಲೆ ಐಸ್ ಚೀಲ ಇಡುವುದು ಬೇಡವೇ ಬೇಡ. ತಣ್ಣಗಾದ ಲೋಹದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಆ ಹನಿ ಮದರ್‌ಬೋರ್ಡಿನ ಮೇಲೆ ಬಿದ್ದರೆ ಬಿಸಿಯಿಂದ ಆಗದಿದ್ದ ಹಾನಿ ನೀರಿನಿಂದ ಆಗುತ್ತದೆ.

ಆರಿದ ಮೇಲೆ ಕನ್ಸೋಲ್ ಮತ್ತೆ ಆನ್ ಆದರೆ, ಆಟ ಆಡುವ ಮುಂಚೆ ಸೇವ್ ಫೈಲ್‌ಗಳನ್ನು ಕಾಪಾಡಿಕೊಳ್ಳಿ. ಪ್ಲೇಸ್ಟೇಷನ್ 4ರ ಸೇವ್‌ಗಳನ್ನು ಯುಎಸ್‌ಬಿ ಡ್ರೈವ್‌ಗೆ ನಕಲು ಮಾಡಬಹುದು. ಪ್ಲೇಸ್ಟೇಷನ್ 5ರ ಆಟಗಳ ಸೇವ್‌ಗಳಿಗೆ ಆ ಸೌಲಭ್ಯವಿಲ್ಲ, ಚಂದಾ ಕಟ್ಟಿ ಪಡೆಯುವ ಕ್ಲೌಡ್ ಸಂಗ್ರಹವೇ ಗತಿ. ಎಕ್ಸ್‌ಬಾಕ್ಸ್ ಇಂಟರ್‌ನೆಟ್ ಸಂಪರ್ಕದಲ್ಲಿದ್ದರೆ ತಾನೇ ಕ್ಲೌಡ್‌ಗೆ ಕಳಿಸಿಕೊಂಡಿರುತ್ತದೆ. ನಿಂಟೆಂಡೊ ಸ್ವಿಚ್‌ಗೂ ಚಂದಾ ಬೇಕು, ಅದರಲ್ಲೂ ಕೆಲವು ಆಟಗಳಿಗೆ ಕ್ಲೌಡ್ ಸೇವ್ ಇಲ್ಲ. ಯಂತ್ರವನ್ನು ಬದಲಿಸಬಹುದು, ವರ್ಷಗಟ್ಟಲೆ ಆಡಿ ಕಟ್ಟಿದ ಊರು, ತಂಡ, ಕೋಟೆಗಳನ್ನು ಬದಲಿಸಲಾಗದು.

ನಿಜಕ್ಕೂ ಬಿಸಿಯ ತೊಂದರೆಯೇ?

ಇಲ್ಲಿ ಸ್ವಲ್ಪ ನಿಧಾನಿಸಿ. ಕನ್ಸೋಲ್ ಇದ್ದಕ್ಕಿದ್ದಂತೆ ನಿಂತರೆ ಎಲ್ಲರೂ ಬಿಸಿಯನ್ನೇ ದೂರುತ್ತಾರೆ. ಕನ್ಸೋಲಿಗೆ ವಿದ್ಯುತ್ ಒದಗಿಸುವ ಭಾಗವಾದ ಪವರ್ ಸಪ್ಲೈ ಬಳಲಿದ್ದರೂ, ಗೋಡೆಯ ಪ್ಲಗ್ ಸಡಿಲವಿದ್ದರೂ, ಹಾರ್ಡ್ ಡಿಸ್ಕ್ ಕೆಟ್ಟಿದ್ದರೂ ಹೊರಗೆ ಕಾಣುವುದು ಹೆಚ್ಚುಕಡಿಮೆ ಅದೇ.

ಮೊದಲಿಗೆ ಕನ್ಸೋಲ್ ತಾನೇ ಏನು ಹೇಳುತ್ತಿದೆ ನೋಡಿ. ಪ್ಲೇಸ್ಟೇಷನ್ 4 ಮಿತಿಮೀರಿ ಕಾದರೆ ಪರದೆಯ ಮೇಲೆ ಎಚ್ಚರಿಕೆ ಕೊಡುತ್ತದೆ, ಮೈಮೇಲಿನ ದೀಪ ಕೆಂಪಾಗುತ್ತದೆ. ಅದೇ ದೀಪ ನೀಲಿಯಾಗಿ ಮಿಡಿಯುತ್ತಾ ಬಿಳಿಗೆ ತಿರುಗದೆ ನಿಂತುಹೋದರೆ ಅದು ಬೇರೆಯೇ ಕಾಯಿಲೆ. ಎಕ್ಸ್‌ಬಾಕ್ಸ್ ಗಾಳಿಯಾಡಲು ಜಾಗ ಸಾಲದೆಂದು ಸಂದೇಶ ತೋರಿಸುತ್ತದೆ. ಸ್ವಿಚ್ ಕಾದರೆ ನಿದ್ರಾಸ್ಥಿತಿಗೆ ಜಾರುತ್ತದೆ. ಇನ್ನೂ ಯಾರಾದರೂ ಹಳೆಯ ಎಕ್ಸ್‌ಬಾಕ್ಸ್ 360 ಇಟ್ಟುಕೊಂಡಿದ್ದರೆ ಗಮನಿಸಿ: ಪವರ್ ಗುಂಡಿಯ ಸುತ್ತ ಎಡಬದಿಯ ಎರಡು ಕಾಲುವೃತ್ತ ಕೆಂಪಾದರೆ ಬಿಸಿ, ಮೂರು ಕೆಂಪಾದರೆ ಯಂತ್ರಭಾಗದ ವೈಫಲ್ಯ.

ಎಚ್ಚರಿಕೆಯ ಸಂದೇಶ ಇಲ್ಲದಿದ್ದರೆ ಕಾಲಾವಧಿ ನೋಡಿ. ಪೂರ್ತಿ ಆರಿದ ಕನ್ಸೋಲ್ ಆನ್ ಮಾಡಿದ ಒಂದೆರಡು ಸೆಕೆಂಡಿಗೇ ಆಫ್ ಆದರೆ ಬಿಸಿಯನ್ನು ಮರೆತುಬಿಡಿ. ಅಷ್ಟರಲ್ಲಿ ಚಿಪ್ ಕಾಯಲು ಸಮಯವೇ ಇರುವುದಿಲ್ಲ, ಪವರ್ ಸಪ್ಲೈ ಅಥವಾ ಬೋರ್ಡಿನಲ್ಲಿ ಏನೋ ಕೆಟ್ಟಿದೆ. ಹೋಮ್ ಸ್ಕ್ರೀನಿನಲ್ಲಿ ಅರ್ಧ ಗಂಟೆ ತೊಂದರೆಯಿಲ್ಲದೆ ನಡೆದು, ಭಾರಿ ಆಟ ಹಾಕಿದ ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುತ್ತಿದ್ದರೆ ಬಿಸಿಯ ಅನುಮಾನ ಬಲವಾಗುತ್ತದೆ. ಮೊದಲ ಸಲ ಇಪ್ಪತ್ತು ನಿಮಿಷ, ಕೂಡಲೇ ಮತ್ತೆ ಆನ್ ಮಾಡಿದರೆ ಐದು ನಿಮಿಷ, ಆಮೇಲೆ ಎರಡು ನಿಮಿಷ ಎಂದು ಅವಧಿ ಕುಗ್ಗುತ್ತಾ ಬಂದರಂತೂ ಅನುಮಾನಕ್ಕೆ ಜಾಗವೇ ಇಲ್ಲ.

ಈಗ ಕೈಯನ್ನೇ ಉಪಕರಣವಾಗಿಸಿ. ಭಾರಿ ಆಟ ನಡೆಯುತ್ತಿರುವಾಗ, ಗಾಳಿ ಹೊರಬರುವ ಕಿಂಡಿಯ ಮುಂದೆ ನಾಲ್ಕು ಬೆರಳಗಲ ದೂರದಲ್ಲಿ ಅಂಗೈ ಹಿಡಿಯಿರಿ. ಪ್ಲೇಸ್ಟೇಷನ್‌ಗಳಲ್ಲಿ ಕಿಂಡಿ ಹಿಂಬದಿಯಲ್ಲಿದೆ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ನೆತ್ತಿಯ ಮೇಲಿದೆ, ಸ್ವಿಚ್‌ನಲ್ಲಿ ಮೇಲಂಚಿನಲ್ಲಿದೆ. ಗುರುತು ಸಿಗದಿದ್ದರೆ ತೆಳು ಕಾಗದದ ಪಟ್ಟಿಯೊಂದನ್ನು ಕಿಂಡಿಗಳ ಹತ್ತಿರ ಒಯ್ಯಿರಿ. ಗಾಳಿ ಒಳಹೋಗುವಲ್ಲಿ ಕಾಗದ ಅಂಟಿಕೊಳ್ಳುತ್ತದೆ, ಹೊರಬರುವಲ್ಲಿ ಆಚೆಗೆ ಹಾರುತ್ತದೆ.

ಫ್ಯಾನ್ ಅಬ್ಬರಿಸುತ್ತಿದೆ, ಆದರೆ ಅಂಗೈಗೆ ತಾಗುವ ಗಾಳಿ ಕ್ಷೀಣವಾಗಿ, ಸುಡುವಷ್ಟು ಬಿಸಿಯಾಗಿದೆ ಎಂದರೆ ಒಳಗೆ ಧೂಳು ಕಟ್ಟಿಕೊಂಡಿದೆ. ಫ್ಯಾನ್ ಅಬ್ಬರಿಸುತ್ತಿದೆ, ಗಾಳಿಯೂ ಜೋರಾಗಿದೆ, ಆದರೆ ಬರೀ ಉಗುರುಬೆಚ್ಚಗಿದೆ ಎಂದಾದರೆ ಶಾಖ ಚಿಪ್ಪಿನಿಂದ ಹೀಟ್‌ಸಿಂಕ್‌ಗೆ, ಅಂದರೆ ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಭಾಗಕ್ಕೆ, ದಾಟುತ್ತಲೇ ಇಲ್ಲ. ನಡುವೆ ಶಾಖ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಎಂಬ ಲೇಪ ಒಣಗಿರುವ ಸಾಧ್ಯತೆ ಹೆಚ್ಚು. ಸದ್ದೂ ಇಲ್ಲ ಗಾಳಿಯೂ ಇಲ್ಲ ಎಂದರೆ ಫ್ಯಾನ್ ನಿಂತಿದೆ. ಕರಕರ ಅಥವಾ ಟಿಕ್‌ಟಿಕ್ ಸದ್ದು ಬರುತ್ತಿದ್ದರೆ ಫ್ಯಾನಿನ ಬೇರಿಂಗ್ ಸವೆದಿದೆ, ಇಲ್ಲವೇ ಏನೋ ರೆಕ್ಕೆಗೆ ಸಿಕ್ಕಿದೆ. ಇನ್ನು ಗಾಳಿ ಚೆನ್ನಾಗಿಯೇ ಬರುತ್ತಿದೆ, ಹದವಾಗಿಯೇ ಬಿಸಿಯಿದೆ, ಫ್ಯಾನ್ ಕೂಡ ಶಾಂತವಾಗಿದೆ, ಆದರೂ ಫಕ್ಕನೆ ಆಫ್ ಆಗುತ್ತದೆ ಎಂದಾದರೆ ಪವರ್ ಸಪ್ಲೈಯನ್ನು ಅನುಮಾನಿಸಿ. ಆಗ ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಒಮ್ಮೆ ನೋಡಬೇಕು.

ಒಂದು ಮಾತು ಸೇರಿಸಬೇಕು. ಕೆಲವು ಆಟಗಳಲ್ಲಿ ನಕಾಶೆ ಅಥವಾ ಮೆನು ತೆರೆದಾಗಲೇ ಫ್ಯಾನ್ ಕಿರುಚತೊಡಗುತ್ತದೆ. ಪರದೆಯ ಮೇಲೆ ಏನೂ ನಡೆಯುತ್ತಿಲ್ಲ, ಇವನಿಗೇಕೆ ಇಷ್ಟು ಅವಸರ ಎನಿಸುತ್ತದೆ. ಅಂಥ ಕಡೆ ಸೆಕೆಂಡಿಗೆ ಇಷ್ಟೇ ಚಿತ್ರ ಬಿಡಿಸಬೇಕೆಂಬ ಕಟ್ಟುಪಾಡು ಇರುವುದಿಲ್ಲ, ಚಿಪ್ ಆ ನಿಂತ ಚಿತ್ರವನ್ನೇ ಮೈಮುರಿದು ಮತ್ತೆ ಮತ್ತೆ ಬಿಡಿಸುತ್ತಿರುತ್ತದೆ. ಅದು ಆಟ ಬರೆದವರ ಹೊಣೆ, ನಿಮ್ಮ ಕನ್ಸೋಲಿನದ್ದಲ್ಲ. ಮೆನು ಮುಚ್ಚಿದಾಗ ಸದ್ದು ಇಳಿದರೆ ಚಿಂತೆ ಬಿಡಿ.

ಜಾಗ ಬದಲಿಸಿ ನೋಡಿ

ಟಿವಿ ಕಪಾಟಿನ ಗಾಜಿನ ಬಾಗಿಲ ಹಿಂದೆ ಕನ್ಸೋಲ್ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಉಸಿರಾಡುತ್ತಿರುತ್ತದೆ. ಹಿಂಬದಿಯಲ್ಲೂ ಪಕ್ಕಗಳಲ್ಲೂ 10ರಿಂದ 15 ಸೆಂಟಿಮೀಟರ್ ಖಾಲಿ ಇರಲಿ. ಜಮಖಾನೆ, ಹಾಸಿಗೆ, ಸೋಫಾ ಮೇಲೆ ಇಡಬೇಡಿ, ಅಡಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್ ಮುಂತಾದವನ್ನು ಅದರ ತಲೆಯ ಮೇಲೆ ಪೇರಿಸಬೇಡಿ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಮೇಲೆ ಒಂದು ಪುಸ್ತಕ ಇಟ್ಟರೂ ಅದರ ಮೂಗು ಮುಚ್ಚಿದಂತೆ.

ಕೋಣೆಯ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ಲೇಸ್ಟೇಷನ್ 5, ಸ್ವಿಚ್ ಎರಡಕ್ಕೂ ತಯಾರಕರು ಹೇಳಿರುವ ಸುತ್ತಲಿನ ತಾಪಮಾನ 5ರಿಂದ 35 ಡಿಗ್ರಿ ಸೆಲ್ಸಿಯಸ್. ಮಧ್ಯಾಹ್ನದ ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಆ ಮಿತಿ ದಾಟುವುದು ಕಷ್ಟವೇನಲ್ಲ. ಜಾಗ ಬದಲಿಸಿ, ಅದೇ ಆಟವನ್ನು ಅಷ್ಟೇ ಹೊತ್ತು ಆಡಿ ನೋಡಿ. ಇಷ್ಟಕ್ಕೇ ಸರಿಹೋದರೆ ಈ ಲೇಖನ ನಿಮಗೆ ಇಲ್ಲಿಗೇ ಮುಗಿಯಿತು.

ಬಿಚ್ಚದೆ ಮಾಡಬಹುದಾದ ಶುಚಿ

ಪ್ಲಗ್ ತೆಗೆದು, ಮೃದುವಾದ ಒಣ ಬ್ರಶ್ಶಿನಿಂದ ಕಿಂಡಿಗಳ ಧೂಳನ್ನು ಹೊರಕ್ಕೆ ಎಳೆಯಿರಿ. ಒತ್ತಿ ತುಂಬಿದ ಗಾಳಿಯ ಡಬ್ಬಿ ಇದ್ದರೆ ನೆಟ್ಟಗೆ ಹಿಡಿದು, ಚಿಕ್ಕಚಿಕ್ಕ ಊದುಗಳಲ್ಲಿ ಬಿಡಿ. ಡಬ್ಬಿಯನ್ನು ಓರೆ ಮಾಡಿದರೆ ಗಾಳಿಯ ಬದಲು ಕೊರೆಯುವ ದ್ರವ ಚಿಮ್ಮುತ್ತದೆ. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರಿನ ಅಂಶವೂ ಎಣ್ಣೆಯೂ ಬೆರೆತಿರುತ್ತವೆ. ಫ್ಯಾನ್ ಕಾಣುವಂತಿದ್ದರೆ ಒಂದು ಕಡ್ಡಿಯಿಂದ ರೆಕ್ಕೆಯನ್ನು ತಡೆದು ಹಿಡಿದು ಊದಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ತಿರುಗುವ ಫ್ಯಾನ್ ಸಣ್ಣ ಜನರೇಟರ್‌ನಂತೆ ಬೋರ್ಡಿಗೆ ವಿದ್ಯುತ್ ಹರಿಸುವ ಅಪಾಯವೂ ಇದೆ.

ಪ್ಲೇಸ್ಟೇಷನ್ 5 ಇರುವವರಿಗೆ ಇಲ್ಲಿ ಒಂದು ಅನುಕೂಲ. ಇಕ್ಕೆಲದ ಬಿಳಿ ಹೊದಿಕೆಗಳು ಸ್ಕ್ರೂ ಇಲ್ಲದೆಯೇ ಕಳಚಿಬರುತ್ತವೆ. ಅವುಗಳ ಹಿಂದೆ ಧೂಳು ಬಂದು ಸೇರಲೆಂದೇ ಮಾಡಿದ ಗುಂಡಿಗಳಿವೆ. ಅಲ್ಲಿಂದ ಧೂಳನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಬಹುದೆಂದು ಸೋನಿಯೇ ಹೇಳುತ್ತದೆ. ಬೇರೆ ಕನ್ಸೋಲ್‌ಗಳ ಬೋರ್ಡಿನ ಹತ್ತಿರ ಮಾತ್ರ ವ್ಯಾಕ್ಯೂಮ್ ಕ್ಲೀನರ್ ಒಯ್ಯಬೇಡಿ, ಅದರ ಕೊಳವೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತು ಚಿಪ್ಪಿಗೆ ಕಂಟಕ.

ಬಿಚ್ಚಲೇಬೇಕಾದರೆ

ವಾರಂಟಿ ಇನ್ನೂ ಇದ್ದರೆ ಬಿಚ್ಚಬೇಡಿ. ಉಚಿತವಾಗಿ ಆಗುವ ಕೆಲಸಕ್ಕೆ ಕೈ ಹಾಕಿ ಹಕ್ಕು ಕಳೆದುಕೊಳ್ಳುವುದು ಜಾಣತನವಲ್ಲ. ಪ್ಲೇಸ್ಟೇಷನ್ 5ರ ಹೀಟ್‌ಸಿಂಕ್ ವಾರಂಟಿ ಮುಗಿದಿದ್ದರೂ ಮನೆಯಲ್ಲಿ ಕಳಚುವಂಥದ್ದಲ್ಲ. ಅದರ ಚಿಪ್ಪಿನ ಮೇಲೆ ಪೇಸ್ಟ್ ಬದಲು ದ್ರವರೂಪದ ಲೋಹವಿದೆ. ಅದು ವಿದ್ಯುತ್ ಹರಿಸುತ್ತದೆ, ಹನಿ ಜಾರಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹೊದಿಕೆ ತೆಗೆದು ಧೂಳು ಎಳೆಯುವಲ್ಲಿಗೆ ನಿಮ್ಮ ಕೆಲಸ ನಿಲ್ಲಲಿ.

ಉಳಿದವುಗಳಿಗೆ ಸರಿಯಾದ ಸ್ಕ್ರೂಡ್ರೈವರ್ ಮುಖ್ಯ. ಪ್ಲೇಸ್ಟೇಷನ್ 4ಕ್ಕೆ ನಡುವೆ ತೂತಿರುವ ನಕ್ಷತ್ರಾಕಾರದ ಟಿ8 ಅಥವಾ ಟಿ9 ಟಾರ್ಕ್ಸ್ ಬೇಕು, ಸ್ವಿಚ್‌ಗೆ ಮೂರು ಕವಲಿನದು ಬೇಕು. ಕೈಗೆ ಸಿಕ್ಕಿದ್ದರಲ್ಲಿ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆದುಹೋಗಿ, ಆಮೇಲೆ ಯಾವುದಕ್ಕೂ ಜಗ್ಗುವುದಿಲ್ಲ.

ಪ್ಲಗ್ ತೆಗೆದು ಕಾಲು ಗಂಟೆಯಾದರೂ ಬಿಡಿ. ಗಟ್ಟಿಯಾದ ಮೇಜಿನ ಮೇಲೆ ಕೆಲಸ ಮಾಡಿ, ಒಳಗೆ ಕೈ ಹಾಕುವ ಮುನ್ನ ಯಾವುದಾದರೂ ಲೋಹದ ದೊಡ್ಡ ವಸ್ತುವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಿಳಿ ಹಾಳೆಯ ಮೇಲೆ ಕನ್ಸೋಲಿನ ಆಕಾರ ಬರೆದು, ತೆಗೆದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಅಂಟುಪಟ್ಟಿಯಿಂದ ಅಂಟಿಸಿ. ಇದು ಅತಿಯೆನಿಸಬಹುದು. ಆದರೆ ಒಳಗಿನ ಸ್ಕ್ರೂಗಳು ನೋಡಲು ಒಂದೇ ಥರ, ಉದ್ದ ಮಾತ್ರ ಬೇರೆಬೇರೆ. ಚಿಕ್ಕದರ ಜಾಗಕ್ಕೆ ಉದ್ದದ್ದನ್ನು ಬಿಗಿದರೆ ಅದರ ತುದಿ ಹೋಗಿ ಬೋರ್ಡನ್ನೇ ಇರಿಯುತ್ತದೆ.

ಚಪ್ಪಟೆ ರಿಬ್ಬನ್ ಕೇಬಲ್‌ಗಳನ್ನು ಎಳೆಯಬೇಡಿ. ಕನೆಕ್ಟರಿನ ಪುಟ್ಟ ಚಿಲಕವನ್ನು ಉಗುರಿನಿಂದ ಎತ್ತಿದರೆ ಕೇಬಲ್ ತಾನೇ ಸಡಿಲವಾಗುತ್ತದೆ. ಪವರ್ ಸಪ್ಲೈಯನ್ನು ಇಡಿಯಾಗಿ ಎತ್ತಿಡಿ, ಅದರ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ತೆರೆಯಬೇಡಿ. ಅದರೊಳಗಿನ ಕೆಪಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ಹೀಟ್‌ಸಿಂಕ್ ಕಂಡಾಗ ಕೂಡಲೇ ಗಾಳಿ ಊದಬೇಡಿ. ಅದು ಒತ್ತೊತ್ತಾಗಿ ಜೋಡಿಸಿದ ತೆಳು ಲೋಹದ ಹಾಳೆಗಳ ಸಾಲು. ಫ್ಯಾನಿನ ಕಡೆಯ ಅಂಚಿನಲ್ಲಿ ಧೂಳು, ಕೂದಲು, ಬಟ್ಟೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬೂದುಬಣ್ಣದ ಕಂಬಳಿಯ ತುಂಡಿನಂತೆ ಕೂತಿರುತ್ತವೆ. ಊದಿದರೆ ಆ ಪದರ ಹರಿದು ಇನ್ನೂ ಆಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಚಿಮಟದಿಂದ ಒಂದು ಮೂಲೆ ಹಿಡಿದು ನಿಧಾನವಾಗಿ ಎತ್ತಿದರೆ ಎಷ್ಟೋ ಸಲ ಇಡೀ ಪದರ ಒಂದೇ ತುಂಡಾಗಿ ಎದ್ದುಬರುತ್ತದೆ. ಅದಾದ ಮೇಲೆ ಉಳಿದ ಪುಡಿಯನ್ನು ಬ್ರಶ್ಶು, ಗಾಳಿಯಿಂದ ತೆಗೆಯಿರಿ. ಫ್ಯಾನ್ ರೆಕ್ಕೆಗಳ ಒಳಮೈಗೂ ಧೂಳು ಮೆತ್ತಿಕೊಂಡಿರುತ್ತದೆ, ಒಂದೊಂದಾಗಿ ಒರೆಸಿ. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಅದು ಒಣ ಧೂಳಾಗಿರದೆ ಜಿಗುಟಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಮಾತ್ರ ಬಿಡುತ್ತದೆ.

ಜಿರಳೆ ಕಂಡರೆ ಗಾಬರಿಯಾಗಬೇಡಿ, ನೀವೊಬ್ಬರೇ ಅಲ್ಲ. ಬೆಚ್ಚಗಿನ ಕತ್ತಲೆಯ ಗೂಡು ಅವಕ್ಕೆ ಪ್ರಿಯ, ಪವರ್ ಸಪ್ಲೈ ಒಳಗೇ ಇರುವ ಕನ್ಸೋಲ್‌ಗಳಂತೂ ಅವಕ್ಕೆ ತವರುಮನೆ. ಕೀಟನಾಶಕವನ್ನು ಒಳಗೆ ಸಿಂಪಡಿಸದೆ ಬ್ರಶ್ಶಿನಿಂದಲೇ ತೆಗೆಯಿರಿ. ಅವು ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಸೇರಿಕೊಂಡಿದ್ದರೆ ರಿಪೇರಿಯವರಿಗೇ ಬಿಡಿ.

ಫ್ಯಾನೇ ಸತ್ತಿದ್ದರೆ ಬದಲಿಸುವುದು ಕಷ್ಟವಲ್ಲ. ಕನ್ಸೋಲಿನ ಮೈಮೇಲಿನ ಮಾದರಿ ಸಂಖ್ಯೆ ನೋಡಿ ಅದಕ್ಕೆ ಹೊಂದುವುದನ್ನೇ ತರಿಸಿ. ಪ್ಲೇಸ್ಟೇಷನ್ 4ರಲ್ಲೇ ಬೇರೆಬೇರೆ ಕಂತಿನ ಯಂತ್ರಗಳಿಗೆ ಬೇರೆಬೇರೆ ಫ್ಯಾನ್‌ಗಳಿವೆ.

ಥರ್ಮಲ್ ಪೇಸ್ಟ್

ಗಾಳಿ ಜೋರಾಗಿದ್ದು ಬಿಸಿ ಇರದ ಪ್ರಕರಣಕ್ಕೆ ಮಾತ್ರ ಈ ಹಂತ. ಧೂಳು ತೆಗೆದ ಮೇಲೆ ಒಮ್ಮೆ ಜೋಡಿಸಿ, ಆಡಿ, ಅಂಗೈ ಪರೀಕ್ಷೆ ಮಾಡಿ. ಸರಿಯಿದ್ದರೆ ಪೇಸ್ಟಿನ ತಂಟೆಗೆ ಹೋಗಬೇಡಿ.

ಹೀಟ್‌ಸಿಂಕ್ ಹಿಡಿದಿರುವ ಕ್ಲ್ಯಾಂಪಿನ ಸ್ಕ್ರೂಗಳನ್ನು ಬಿಚ್ಚಿದ ಮೇಲೆ ಅದು ಅಂಟಿಕೊಂಡೇ ಇರಬಹುದು. ಮೇಲಕ್ಕೆ ಕೀಳದೆ, ಎಡಬಲಕ್ಕೆ ತುಸುತುಸುವೇ ತಿರುಗಿಸಿ ಬಿಡಿಸಿ. ಹಳೆಯ ಪೇಸ್ಟ್ ಒಣಗಿ ಪುಡಿಪುಡಿಯಾಗಿದ್ದರೆ ನಿಮ್ಮ ಊಹೆ ನಿಜವಾದಂತೆ. ಶೇಕಡಾ 90ಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲನ್ನು ಎಳೆ ಬಿಡದ ಬಟ್ಟೆಗೆ ಹಚ್ಚಿಕೊಂಡು ಚಿಪ್ಪನ್ನೂ ಹೀಟ್‌ಸಿಂಕಿನ ತಳವನ್ನೂ ಕನ್ನಡಿಯಂತೆ ಹೊಳೆಯುವವರೆಗೆ ಒರೆಸಿ, ಒಣಗಲು ಬಿಡಿ. ನಂತರ ಚಿಪ್ಪಿನ ನಡುವೆ ಸಣ್ಣದೊಂದು ಹನಿ ಹೊಸ ಪೇಸ್ಟ್ ಇಟ್ಟು, ಮೇಲ್ಮೈಯೆಲ್ಲ ಮುಚ್ಚುವಷ್ಟು ತೆಳುವಾಗಿ ಹರಡಿ. ಪೇಸ್ಟಿನ ಕೆಲಸ ಎರಡು ಮೇಲ್ಮೈಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವುದಷ್ಟೇ. ದಪ್ಪ ಬಳಿದರೆ ಅದೇ ಶಾಖಕ್ಕೆ ಅಡ್ಡಗೋಡೆಯಾಗುತ್ತದೆ.

ಪಕ್ಕದ ಮೆಮೊರಿ ಚಿಪ್‌ಗಳ ಮೇಲೆ ರಬ್ಬರಿನಂಥ ಮೆತ್ತನೆಯ ಥರ್ಮಲ್ ಪ್ಯಾಡ್‌ಗಳಿರುತ್ತವೆ. ಹರಿಯದಂತೆ ನೋಡಿಕೊಳ್ಳಿ. ಹರಿದರೆ ಅಷ್ಟೇ ದಪ್ಪದ ಪ್ಯಾಡನ್ನೇ ಹಾಕಿ, ಪೇಸ್ಟ್ ಆ ಅಂತರವನ್ನು ತುಂಬಲಾರದು. ಕ್ಲ್ಯಾಂಪಿನ ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ, ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಎಂದು ಸಮವಾಗಿ ಬಿಗಿಯಿರಿ. ಪೇಸ್ಟ್ ಬದಲು ಟೂತ್‌ಪೇಸ್ಟ್ ಹಚ್ಚಿ ಗೆದ್ದವರ ಕಥೆಗಳನ್ನು ನೀವೂ ಕೇಳಿರಬಹುದು. ಅದರಲ್ಲಿನ ನೀರು ಆರುವವರೆಗೆ ಆ ಗೆಲುವು.

ಟವೆಲ್, ಓವನ್, ಹೇರ್ ಡ್ರೈಯರ್

2005ರ ಕೊನೆಗೆ ಬಂದ ಎಕ್ಸ್‌ಬಾಕ್ಸ್ 360 ಮೂರು ಕೆಂಪು ದೀಪ ತೋರಿಸಿ ಸಾಯತೊಡಗಿದಾಗ ಮೈಕ್ರೋಸಾಫ್ಟ್ 2007ರ ಜುಲೈನಲ್ಲಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿತು, ಅದಕ್ಕೆಂದು ನೂರು ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿಟ್ಟಿತು. ಅದೇ ಕಾಲಕ್ಕೆ ಹುಟ್ಟಿದ ಮನೆಮದ್ದು ಕನ್ಸೋಲನ್ನು ಟವೆಲ್‌ನಲ್ಲಿ ಸುತ್ತಿ ಆನ್ ಮಾಡಿ, ಬೇಕೆಂದೇ ಕಾಯಿಸುವುದು. ಬಿರುಕುಬಿಟ್ಟ ಬೆಸುಗೆ ಕರಗಿ ಕೂಡಿಕೊಳ್ಳುತ್ತದೆ ಎಂಬುದು ಅದರ ಹಿಂದಿನ ವಾದ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಟವೆಲ್ ಸುತ್ತಿದರೆ ಅಷ್ಟು ಬಿಸಿ ಹುಟ್ಟುವುದಿಲ್ಲ. ಓವನ್‌ನಲ್ಲಿ ಹುಟ್ಟುತ್ತದೆ, ಜೊತೆಗೆ ಪ್ಲಾಸ್ಟಿಕ್ ಕನೆಕ್ಟರ್‌ಗಳೂ ಕೆಪಾಸಿಟರ್‌ಗಳೂ ಹಾಳಾಗುತ್ತವೆ. ಮೇಲಾಗಿ ಕಂಪನಿಯವರೇ ನಂತರ ವಿವರಿಸಿದಂತೆ, ಮತ್ತೆ ಮತ್ತೆ ಕಾದು ಆರುವ ಒತ್ತಡಕ್ಕೆ ಮುರಿದದ್ದು ಚಿಪ್ಪಿನ ಒಡಲೊಳಗಿನ ಸಂಪರ್ಕಗಳು. ಕಾಯಿಸಿದಾಗ ಅವು ಹಿಗ್ಗಿ ತಾತ್ಕಾಲಿಕವಾಗಿ ತಾಗುತ್ತವೆ, ಕನ್ಸೋಲ್ ಕೆಲವು ದಿನ ನಡೆದು ಮತ್ತೆ ಮಲಗುತ್ತದೆ. ಟವೆಲ್ ಸುತ್ತಿದ ಯಂತ್ರಕ್ಕೆ ಬೆಂಕಿ ಹತ್ತುವ ಭಯ ಬೇರೆ.

ಯುಎಸ್‌ಬಿಗೆ ಸಿಕ್ಕಿಸುವ ಹೆಚ್ಚುವರಿ ಫ್ಯಾನ್‌ಗಳ ಬಗ್ಗೆಯೂ ನನಗೆ ಒಲವಿಲ್ಲ. ಒಳಗೆ ಧೂಳು ಕಟ್ಟಿದ್ದರೆ ಅವು ಏನೂ ಮಾಡಲಾರವು, ಕಟ್ಟಿಲ್ಲದಿದ್ದರೆ ಅವು ಬೇಕಾಗುವುದೂ ಇಲ್ಲ.

ರಿಪೇರಿಗೆ ಕೊಡುವಾಗ

ತಣ್ಣಗಿರುವಾಗಲೂ ಪರದೆಯ ಮೇಲೆ ಬಣ್ಣದ ಚೌಕಗಳು, ಗೆರೆಗಳು ಮೂಡುತ್ತಿದ್ದರೆ ಚಿಪ್ಪಿಗೇ ಪೆಟ್ಟಾಗಿದೆ. ಸುಟ್ಟ ವಾಸನೆ ಬಂದರೆ ಮತ್ತೊಮ್ಮೆ ಆನ್ ಮಾಡಿ ನೋಡುವ ಚಪಲ ಬೇಡ. ಸ್ವಿಚ್‌ನ ಬೆನ್ನು ಉಬ್ಬಿದ್ದರೆ ಅಥವಾ ಪರದೆ ಅಂಚಿನಿಂದ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒತ್ತದೆ, ಚುಚ್ಚದೆ, ಬೆಂಕಿ ಹತ್ತುವ ವಸ್ತುಗಳಿಂದ ದೂರವಿಟ್ಟು ತಿಳಿದವರಿಗೆ ತಲುಪಿಸಿ.

ಕೊಡುವಾಗ "ಆಫ್ ಆಗುತ್ತದೆ" ಎಂದಷ್ಟೇ ಹೇಳಬೇಡಿ. ಎಷ್ಟು ನಿಮಿಷಕ್ಕೆ ನಿಲ್ಲುತ್ತದೆ, ಯಾವ ದೀಪ ಯಾವ ಬಣ್ಣದಲ್ಲಿತ್ತು, ಹೊರಬರುವ ಗಾಳಿ ಹೇಗಿತ್ತು, ನೀವು ಏನೇನು ಬಿಚ್ಚಿದ್ದೀರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಮದರ್‌ಬೋರ್ಡ್ ಬದಲಿಸಬೇಕೆಂದು ಅವರು ಹೇಳಿದರೆ, ಒಪ್ಪುವ ಮುನ್ನ ಅದೇ ಮಾದರಿಯ ಬಳಸಿದ ಕನ್ಸೋಲ್ ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿ. ಹಳೆಯ ಯಂತ್ರಗಳ ಮಟ್ಟಿಗೆ ಆ ಲೆಕ್ಕ ಹೆಚ್ಚಾಗಿ ರಿಪೇರಿಯ ಪರವಾಗಿ ಬರುವುದಿಲ್ಲ. ಇನ್ನು ಡ್ರೈವಿನೊಳಗೆ ಡಿಸ್ಕ್ ಉಳಿದಿದೆಯೇ ನೋಡಿಕೊಳ್ಳಿ. ಯಂತ್ರ ಆನ್ ಆಗದಿದ್ದರೂ ಕೈಯಿಂದಲೇ ಡಿಸ್ಕ್ ಹೊರತೆಗೆಯುವ ಸ್ಕ್ರೂ ಅಥವಾ ರಂಧ್ರ ಹಲವು ಮಾದರಿಗಳಲ್ಲಿದೆ.